ಓದುಗರ ಪ್ರಶ್ನೆ: ಲೋಕದ ದೇಶಗಳಿಗಾಗಿ ಪ್ರಾರ್ಥಿಸುವುದು ಹೇಗೆ?

ಪ್ರಶ್ನೆ: ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರಿಲ್ಲ, ಟೊಮೆಟೊ ಬಾಕ್ಸಿಗೆ ಕೀಳುವ ಕೂಲಿಯೂ ಗಿಟ್ಟುತ್ತಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಸಭೆಯಲ್ಲಿ ಸೂಡಾನ್, ಉಕ್ರೇನ್ ಎಂದು ಪ್ರಾರ್ಥಿಸುತ್ತಾರೆ. ಮೊದಲು ನಮ್ಮ ಮನೆ ಅಲ್ಲವೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಬೋರ್‌ವೆಲ್ಲಿಗಾಗಿ ಪ್ರಾರ್ಥಿಸಬೇಡಿ ಎಂದು ಯಾರೂ ಹೇಳುತ್ತಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರಕ್ಕೂ ಜಾಗವಿದೆ. ಆದರೆ ಅದಕ್ಕೆ ಮುಂಚೆಯೇ, ದೇವರ ಚಿತ್ತ ಭೂಲೋಕದಲ್ಲಿ ನೆರವೇರಲಿ ಎಂಬ ಬೇಡಿಕೆ ಬರುತ್ತದೆ. ಭೂಲೋಕ ಎಂದರೆ ಶ್ರೀನಿವಾಸಪುರ ತಾಲ್ಲೂಕಷ್ಟೇ ಅಲ್ಲವಲ್ಲ!

ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯ ತೆಗೆದು ನೋಡಿ. ಎಲ್ಲ ಮನುಷ್ಯರಿಗಾಗಿಯೂ ಅರಸರು ಮತ್ತು ಅಧಿಕಾರಿಗಳಿಗಾಗಿಯೂ ವಿಜ್ಞಾಪನೆ ಮಾಡಬೇಕೆಂಬುದು ಅಲ್ಲಿ ‘ಮೊಟ್ಟಮೊದಲು’ ಹೇಳಿರುವ ಮಾತು. ಆಗಿನ ರೋಮ್ ಚಕ್ರವರ್ತಿಗಳಲ್ಲಿ ಒಬ್ಬರೂ ಕ್ರೈಸ್ತರಲ್ಲ ಎಂಬುದನ್ನು ಮರೆಯಬಾರದು. ಇನ್ನೂ ಹಿಂದಕ್ಕೆ ಹೋದರೆ ಯೆರೆಮೀಯ 29. ಯೆರೂಸಲೇಮಿನಿಂದ ಸೆರೆಯಾಗಿ ಬಾಬೆಲಿಗೆ ಹೋದವರಿಗೆ ಪ್ರವಾದಿ ಪತ್ರ ಬರೆದು, ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವೂ ಇದೆ ಎನ್ನುತ್ತಾನೆ. ತಮ್ಮನ್ನು ಸೆರೆಹಿಡಿದವರ ಊರಿಗೆ ಒಳ್ಳೆಯದಾಗಲಿ ಎಂದು ಬೇಡುವುದು ಹುಡುಗಾಟವಲ್ಲ.

ಕೋಲಾರ ಎಪಿಎಂಸಿಯಲ್ಲಿ ಲೋಡ್ ಆದ ಟೊಮೆಟೊ ಬಾಂಗ್ಲಾದೇಶದವರೆಗೂ ಹೋಗಿದ್ದುಂಟು. ಅಲ್ಲಿ ಗಲಭೆಯಾಗಿ ಗಡಿ ಮುಚ್ಚಿದರೆ ಇಲ್ಲಿನ ರೇಟಿಗೂ ಪೆಟ್ಟು ಬೀಳುತ್ತದೆ. ನಿಮ್ಮ ಮನೆ ಮತ್ತು ಆ ದೇಶ, ಎರಡನ್ನೂ ಒಂದೇ ಪ್ರಾರ್ಥನೆಯಲ್ಲಿ ಹೇಳಬಹುದು.

ಪ್ರಶ್ನೆ: ಭಾನುವಾರದ ಆರಾಧನೆಯಲ್ಲಿ ದೇಶಗಳಿಗಾಗಿ ಪ್ರಾರ್ಥಿಸುವ ಹೊಣೆ ನಮ್ಮ ಯುವಜನ ಕೂಟದ್ದು. ‘ಎಲ್ಲ ದೇಶಗಳನ್ನು ಆಶೀರ್ವದಿಸು ಕರ್ತನೇ’ ಎಂದರೆ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ವಿವರವಾಗಿ ಮಾಡಿದರೆ ಇಪ್ಪತ್ತು ನಿಮಿಷ ಹಿಡಿದು ಹಿರಿಯರು ಗಡಿಯಾರ ನೋಡುತ್ತಾರೆ. ಸರಿಯಾದ ಕ್ರಮ ಯಾವುದು?
– ಯುವಜನ ಕೂಟದ ಕಾರ್ಯದರ್ಶಿ, ತುಮಕೂರು

ಉತ್ತರ: ಏಳು ನಿಮಿಷ ಇಟ್ಟುಕೊಳ್ಳಿ, ವಾರಕ್ಕೆ ಒಂದೇ ದೇಶ ಸಾಕು. ವಿಶ್ವಸಂಸ್ಥೆಯಲ್ಲಿ 193 ಸದಸ್ಯ ದೇಶಗಳಿವೆ. ವಾರಕ್ಕೆ ನಾಲ್ಕರಂತೆ ಹಿಡಿದರೆ 49 ವಾರಗಳಲ್ಲಿ ಪಟ್ಟಿ ಮುಗಿಯುತ್ತದೆ, ನಿಜ. ಆದರೆ ಆ ಲೆಕ್ಕ ಮನೆಯ ದಿನನಿತ್ಯದ ಪ್ರಾರ್ಥನೆಗೆ ಸರಿ. ಆರಾಧನೆಯಲ್ಲಿ ನಾಲ್ಕು ಹೆಸರು ಓದಿದರೆ ಸಭೆಯ ಕಿವಿಯಲ್ಲಿ ಒಂದೂ ಉಳಿಯುವುದಿಲ್ಲ.

ಕ್ರಮಕ್ಕೆ ಕಥೋಲಿಕ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯನ್ನು ನೋಡಿ. ಅದರಲ್ಲಿ ಮೊದಲು ಧರ್ಮಸಭೆ, ಆಮೇಲೆ ಆಡಳಿತ ನಡೆಸುವವರು ಮತ್ತು ಲೋಕದ ರಕ್ಷಣೆ, ಮೂರನೆಯದು ಕಷ್ಟದಲ್ಲಿರುವವರು, ಕೊನೆಗೆ ಸ್ಥಳೀಯ ಸಭೆ. ನೀವು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಗಿರಿ, ಮೆಥೊಡಿಸ್ಟ್ ಆಗಿರಿ, ಈ ನಾಲ್ಕು ಭಾಗ ಎಲ್ಲಿಯೂ ಹೊಂದುತ್ತವೆ. ನಡೆಸುವ ರೀತಿಗೆ ಶುಭ ಶುಕ್ರವಾರದ ಆರಾಧನೆಯೇ ಮಾದರಿ. ಅಲ್ಲಿ ಹತ್ತು ವಿಜ್ಞಾಪನೆಗಳಿದ್ದು, ಪ್ರತಿಯೊಂದರಲ್ಲೂ ಮೊದಲು ಯಾರಿಗಾಗಿ ಎಂದು ಹೇಳುತ್ತಾರೆ, ನಂತರ ಮೌನ, ಆಮೇಲೆ ಗುರುಗಳ ಚಿಕ್ಕ ಪ್ರಾರ್ಥನೆ. ನಮ್ಮ ಕಡೆ ಹೆಚ್ಚಾಗಿ ಬಿಟ್ಟುಹೋಗುವುದು ಆ ನಡುವಿನ ಮೌನವೇ. ಹತ್ತು ಸೆಕೆಂಡ್ ಸುಮ್ಮನಿದ್ದರೆ ಯಾರೋ ‘ಸ್ತೋತ್ರ’ ಅಂದುಬಿಡುತ್ತಾರೆ! ‘ಈಗ ಅರ್ಧ ನಿಮಿಷ ಮೌನ’ ಎಂದು ಮೊದಲೇ ಹೇಳಿ, ಗಡಿಯಾರ ನೋಡಿ ಕಾಯಿರಿ.

ಗುರುವಾರವೇ ಒಬ್ಬರು ಅರ್ಧ ಹಾಳೆಯಲ್ಲಿ ಬರೆದುಕೊಳ್ಳಲಿ. ಆ ದೇಶ ಭೂಪಟದಲ್ಲಿ ಎಲ್ಲಿದೆ, ಆಳುವವರು ಯಾರು, ಈಗಿನ ಒಂದು ಸಂಕಟ ಯಾವುದು, ಸ್ತೋತ್ರ ಸಲ್ಲಿಸಲು ಒಂದು ಕಾರಣ, ನಮಗೂ ಆ ದೇಶಕ್ಕೂ ಇರುವ ಒಂದು ನಂಟು. ಅಷ್ಟೇ. ನಂಟಿನ ಸಾಲನ್ನು ಮಾತ್ರ ಬಿಡಬೇಡಿ. ನಿಮ್ಮ ಸಭೆಯ ಯಾರೋ ಕುವೈತಿನಲ್ಲಿ ನರ್ಸ್ ಆಗಿರಬಹುದು, ವಸಂತನರಸಾಪುರದ ಕಾರ್ಖಾನೆಯಲ್ಲಿ ಜಪಾನಿನವರ ಜೊತೆ ಕೆಲಸ ಮಾಡುತ್ತಿರಬಹುದು, ನಿಮ್ಮ ಬೀದಿಯ ಕಾವಲುಗಾರ ನೇಪಾಳದವನಿರಬಹುದು. ಅಂಥ ದೇಶಗಳಿಂದಲೇ ಶುರುಮಾಡಿ, ಅಕ್ಷರಮಾಲೆಯ ಪ್ರಕಾರ ಹೋಗಬೇಡಿ.

ಎಡವುವುದು ಎಲ್ಲಿ? ಪ್ರಾರ್ಥನೆ ನ್ಯೂಸ್ ಬುಲೆಟಿನ್ ಆಗಿಬಿಡುತ್ತದೆ. ‘ಕರ್ತನೇ, ಆ ದೇಶದ ಜನಸಂಖ್ಯೆ ಇಷ್ಟು, ಹಣದುಬ್ಬರ ಇಷ್ಟು’ ಎಂದು ದೇವರಿಗೇ ವರದಿ ಒಪ್ಪಿಸುವವರಿದ್ದಾರೆ. ಮಾಹಿತಿಯನ್ನು ಸಭೆಗೆ ಕಣ್ಣು ತೆರೆದು ಹೇಳಿ, ಬೇಡಿಕೆಯನ್ನು ದೇವರಿಗೆ ಕಣ್ಣು ಮುಚ್ಚಿ ಹೇಳಿ. ಇವೆರಡನ್ನು ಬೇರೆ ಮಾಡಿದರೆ ಅರ್ಧ ಸಮಯ ಉಳಿಯುತ್ತದೆ. ಇನ್ನೊಂದು ತೊಡಕು, ಬೇಡಿಕೆಗೆ ಗಡಿಯೇ ಇಲ್ಲದಿರುವುದು. ಆದಿಕಾಂಡ 18ರಲ್ಲಿ ಅಬ್ರಹಾಮ ಸೊದೋಮಿಗಾಗಿ ಕೇಳಿದ್ದು ಲೆಕ್ಕವಿಟ್ಟು: ಐವತ್ತು ಮಂದಿ ನೀತಿವಂತರಿದ್ದರೆ, ನಲವತ್ತೈದಿದ್ದರೆ, ನಲವತ್ತು, ಮೂವತ್ತು, ಇಪ್ಪತ್ತು, ಹತ್ತು. ಹಾಗಿದ್ದೂ ಪಟ್ಟಣ ಉಳಿಯಲಿಲ್ಲ ಎಂಬುದನ್ನೂ ಅದೇ ಪುಸ್ತಕ ಮುಚ್ಚಿಡದೆ ಹೇಳುತ್ತದೆ. ನಾವು ಪ್ರಾರ್ಥಿಸಿದ್ದರಿಂದಲೇ ಆ ಯುದ್ಧ ನಿಂತಿತು ಎಂದು ವೇದಿಕೆಯಿಂದ ಸಾಕ್ಷಿ ಹೇಳುವ ಆತುರ ಬೇಡ.

ಪ್ರಶ್ನೆ: ‘22 ಮಿಷನರಿಗಳಿಗೆ ನಾಳೆ ಮರಣದಂಡನೆ, ಕೂಡಲೇ ಪ್ರಾರ್ಥಿಸಿ, ಎಲ್ಲರಿಗೂ ಕಳಿಸಿ’ ಎಂಬ ಸಂದೇಶ ನಮ್ಮ ಪ್ರಾರ್ಥನಾ ಗುಂಪಿಗೆ ಬಂತು. ಇಡೀ ರಾತ್ರಿ ಕೂತು ಪ್ರಾರ್ಥಿಸಿದೆವು. ಸುಳ್ಳು ಎಂದು ಈಗ ಮಗ ಹೇಳುತ್ತಿದ್ದಾನೆ. ನಿಜವೇ?
– ಓದುಗರು, ಚಿಂತಾಮಣಿ

ಉತ್ತರ: ಮಗ ಹೇಳಿದ್ದು ಸರಿ. ಅಫ್ಘಾನಿಸ್ತಾನದ ಹೆಸರಿನಲ್ಲಿ ಈ ಸಂದೇಶ ಹತ್ತು ವರ್ಷಕ್ಕೂ ಮೀರಿ ಸುತ್ತುತ್ತಲೇ ಇದೆ, ಪ್ರತಿ ಸಲವೂ ‘ನಾಳೆ’ ಎಂದೇ. 2007ರಲ್ಲಿ ದಕ್ಷಿಣ ಕೊರಿಯಾದ 23 ಮಂದಿಯನ್ನು ತಾಲಿಬಾನ್ ಒತ್ತೆಯಾಳಾಗಿ ಇಟ್ಟುಕೊಂಡದ್ದು ಮಾತ್ರ ನಿಜ. ಅವರಲ್ಲಿ ಇಬ್ಬರನ್ನು ಕೊಂದರು, ಉಳಿದವರು ಬಿಡುಗಡೆಯಾದರು. ಇನ್ನು ಮುಂದೆ ಇಂಥ ಸಂದೇಶ ಬಂದಾಗ ದಿನಾಂಕ ಇದೆಯೇ, ಊರಿನ ಹೆಸರಿದೆಯೇ, ಯಾವುದಾದರೂ ಪತ್ರಿಕೆಯಲ್ಲಿ ಬಂದಿದೆಯೇ ಎಂದು ನೋಡಿ. ಮೂರೂ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಸುಳ್ಳು ಸಂದೇಶ ಇನ್ನೊಂದು ಧರ್ಮದವರ ಮೇಲೆ ದ್ವೇಷವನ್ನೂ ಹೊತ್ತು ತರುತ್ತದೆ. ಸುದ್ದಿ ನಿಜವಾಗಿದ್ದು ಯಾರಾದರೂ ಅಪಾಯದಲ್ಲಿದ್ದರೆ ಅವರ ಹೆಸರು, ಫೋಟೊ, ಇರುವ ಜಾಗವನ್ನು ಗುಂಪಿಗೆ ಹಾಕಲೇಬೇಡಿ. ‘ಇಂಥ ದೇಶದಲ್ಲಿ ಒಂದು ಕುಟುಂಬ’ ಎಂದರೆ ಸಾಕು, ಅದು ಯಾರೆಂದು ದೇವರಿಗೆ ಗೊತ್ತು.

ಪ್ರಶ್ನೆ: ಒಂದೊಂದು ದೇಶದ ಮೇಲೂ ಒಂದು ದುರಾತ್ಮ ಇದೆ, ಅದನ್ನು ಕಟ್ಟಿಹಾಕಿ ಪ್ರಾರ್ಥಿಸಬೇಕು ಎಂದು ಕೂಟಕ್ಕೆ ಬಂದ ಪ್ರಸಂಗಿಯೊಬ್ಬರು ಹೇಳಿದರು. ದಾನಿಯೇಲನ ಪುಸ್ತಕದಲ್ಲಿ ಇದೆಯಂತೆ.
– ಓದುಗರು, ಶಿರಾ

ಉತ್ತರ: ದಾನಿಯೇಲ 10ರಲ್ಲಿ ಪಾರಸಿಯ ರಾಜ್ಯದ ದಿವ್ಯಪಾಲಕನು, ಅಂದರೆ ಆ ರಾಜ್ಯದ ಮೇಲಿದ್ದ ಅದೃಶ್ಯ ಶಕ್ತಿ, ದಾನಿಯೇಲನ ಬಳಿಗೆ ಬರುತ್ತಿದ್ದ ದೇವದೂತನಿಗೆ ಇಪ್ಪತ್ತೊಂದು ದಿನ ಎದುರುನಿಂತ ಸಂಗತಿ ಇದೆ. ಆದರೆ ಆ ಇಪ್ಪತ್ತೊಂದು ದಿನವೂ ದಾನಿಯೇಲನಿಗೆ ಅದು ಗೊತ್ತೇ ಇರಲಿಲ್ಲ, ದೂತನು ಬಂದು ಹೇಳಿದ ಮೇಲೆಯೇ ತಿಳಿದದ್ದು. ಅವನು ಯಾವ ಆತ್ಮವನ್ನೂ ಕರೆಯಲಿಲ್ಲ, ಗದರಲಿಲ್ಲ, ಉಪವಾಸವಿದ್ದು ದೇವರನ್ನು ಬೇಡಿದ. ಅದೇ ಪುಸ್ತಕದ 9ನೇ ಅಧ್ಯಾಯದಲ್ಲಿ ಅವನ ಪ್ರಾರ್ಥನೆಯ ಹೆಚ್ಚಿನ ಭಾಗ ‘ನಾವು ಪಾಪಮಾಡಿದ್ದೇವೆ’ ಎಂಬ ಅರಿಕೆ. ಇನ್ನೊಂದು ದೇಶವನ್ನು ಗದರುವ ಮೊದಲು ನಮ್ಮ ದೇಶದ, ನಮ್ಮ ಸಭೆಯ ತಪ್ಪನ್ನು ಒಪ್ಪಿಕೊಳ್ಳುವುದು ಅವನ ಕ್ರಮ. ಇದನ್ನು ಬಿಟ್ಟು ಮೈಕಿನಲ್ಲಿ ಕೂಗಿದರೆ ಊರಿನವರ ನೆಮ್ಮದಿ ಕೆಡುತ್ತದೆಯೇ ಹೊರತು ಬೇರೇನೂ ಆಗದು.

ಪ್ರಶ್ನೆ: ವಿಶ್ವ ಪ್ರಾರ್ಥನಾ ದಿನವನ್ನು ನಮ್ಮ ಸ್ತ್ರೀಯರ ಕೂಟ ಮೊದಲ ಸಲ ನಡೆಸಲಿದೆ. ತಯಾರಿ ಏನು?
– ಓದುಗರು, ಕೆಜಿಎಫ್

ಉತ್ತರ: ದಿನ ಮಾರ್ಚ್ ತಿಂಗಳ ಮೊದಲ ಶುಕ್ರವಾರ. 1927ರಿಂದ ಲೋಕಮಟ್ಟದಲ್ಲಿ ನಡೆಯುತ್ತಿದೆ. ಪ್ರತಿ ವರ್ಷ ಒಂದು ದೇಶದ ಸ್ತ್ರೀಯರು ಆರಾಧನಾ ಕ್ರಮ ಬರೆಯುತ್ತಾರೆ: 2024ಕ್ಕೆ ಪ್ಯಾಲೆಸ್ತೀನ್, 2025ಕ್ಕೆ ಕುಕ್ ದ್ವೀಪಗಳು, 2026ಕ್ಕೆ ನೈಜೀರಿಯಾ. ಕ್ರಮದ ಪುಸ್ತಿಕೆಯನ್ನು ನಿಮ್ಮ ಸಭಾಪಾಲಕರ ಮೂಲಕ ಜನವರಿಯಲ್ಲೇ ತರಿಸಿಕೊಳ್ಳಿ, ಏಕೆಂದರೆ ನಿಮ್ಮಲ್ಲಿ ತಮಿಳು, ತೆಲುಗು, ಕನ್ನಡ ಮೂರನ್ನೂ ಹಂಚಿ ಓದಿಸಬೇಕಾಗುತ್ತದೆ. ಒಂದೇ ಭಾಗವನ್ನು ಮೂರು ಭಾಷೆಯಲ್ಲೂ ಓದಿದರೆ ಎರಡು ಗಂಟೆ ದಾಟುತ್ತದೆ. ಒಂದೊಂದು ಭಾಗ ಒಂದೊಂದು ಭಾಷೆಯಲ್ಲಿರಲಿ, ಪ್ರತ್ಯುತ್ತರದ ಸಾಲನ್ನು ಮಾತ್ರ ಮೂರರಲ್ಲೂ ಅಚ್ಚು ಹಾಕಿಸಿ. ಆ ದೇಶದ ಉಡುಪು ತೊಟ್ಟು ವೇಷ ಹಾಕುವುದಕ್ಕಿಂತ ಅಲ್ಲಿನ ಸ್ತ್ರೀಯರು ಬರೆದ ಪತ್ರಗಳನ್ನು ನಿಧಾನವಾಗಿ ಓದಿಸುವುದು ಮೇಲು. ಕಾಣಿಕೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಎತ್ತುವ ಮೊದಲೇ ತಿಳಿಸಿ. ಶುಕ್ರವಾರ ಕೆಲಸದ ದಿನವಾದ್ದರಿಂದ ಸಂಜೆ ಆರೂವರೆಗೆ ಇಟ್ಟುಕೊಳ್ಳಿ. ಪಿಯುಸಿ ಪರೀಕ್ಷೆಯ ಆಸುಪಾಸು ಬರುವುದರಿಂದ ಹೊರಗಿನ ಸ್ಪೀಕರ್ ಬೇಡ.