ಕ್ಯಾನ್ಸರ್ ಇರುವ ಅಪ್ಪನಿಗೆ ಬೆನ್ನುನೋವು, ಕಾಲು ಸೋಲುತ್ತಿದೆ. ಸೋಮವಾರದವರೆಗೆ ಕಾಯಬಹುದಾ?

ಕಾಯಬೇಡಿ. ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಮೂರು ವಾರದಿಂದ ಬೆನ್ನುನೋವು, ನಿನ್ನೆಯಿಂದ ಕಾಲಲ್ಲಿ ಬಲವಿಲ್ಲ ಅಂತ ಬರೆದಿದ್ದೀರಿ. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ ಬೆನ್ನುಹುರಿಯನ್ನು ಒತ್ತುತ್ತಿರಬಹುದು, ಈಗಲೇ ಎಮರ್ಜೆನ್ಸಿಗೆ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿ. ಅಲುಗಾಡಿದರೆ ನೋವು ಜಾಸ್ತಿ ಅನ್ನುವುದಾದರೆ ಆಂಬುಲೆನ್ಸ್ ಕರೆಸಿ, ನೇರವಾಗಿ ಮಲಗಿಸಿ ಕರೆದೊಯ್ಯಿರಿ.

ನಾನು ಡಾಕ್ಟರಲ್ಲ. ನಮ್ಮಮ್ಮನಿಗೆ ಸ್ತನ ಕ್ಯಾನ್ಸರ್ ಇತ್ತು. ಬೆನ್ನು ನೋಯುತ್ತೆ ಅಂದಾಗ ಉಳುಕಿರಬೇಕು ಅಂತ ಮುಲಾಮು ಹಚ್ಚಿದ್ದೇ ಹಚ್ಚಿದ್ದು. ಎಕ್ಸ್‌ರೇ ನಾರ್ಮಲ್ ಬಂತು, ಸುಮ್ನಾದೆವು. ಎಕ್ಸ್‌ರೇಯಲ್ಲಿ ಈ ಒತ್ತಡ ಕಾಣದೇ ಇರಬಹುದು ಅಂತ ಗೊತ್ತೇ ಇರಲಿಲ್ಲ. ಆದರೆ ನೋವು ಆಗಲೇ ಸುಳಿವು ಕೊಡುತ್ತಿತ್ತು. ಕೆಮ್ಮಿದರೆ ಜಾಸ್ತಿ, ಎದೆಯ ಸುತ್ತ ಪಟ್ಟಿ ಬಿಗಿದ ಹಾಗೆ. ಸಾಮಾನ್ಯ ಬೆನ್ನುನೋವು ಮಲಗಿದರೆ ಇಳಿಯುತ್ತೆ, ಅಲ್ವಾ? ಅಮ್ಮ ಮಲಗಲಾರದೆ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದರು.

ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಬೆನ್ನುಮೂಳೆಗೆ ಹರಡುವುದು ಹೆಚ್ಚು. ಗೆಡ್ಡೆ ಬೆಳೆದೋ, ಮೂಳೆ ಕುಸಿದೋ ಬೆನ್ನುಹುರಿ ಒತ್ತಿಹೋಗುತ್ತದೆ. ಮೊದಲು ನೋವು, ಆಮೇಲೆ ಕಾಲು ಸೋಲುವುದು, ಜೋಮು. ಮೂತ್ರ ಕಟ್ಟುವುದು ಸಾಮಾನ್ಯವಾಗಿ ಕೊನೆಗೆ. ಚಿಕಿತ್ಸೆ ಶುರುವಾದಾಗ ನಡೆಯುತ್ತಿದ್ದವರು ಮುಂದೆಯೂ ನಡೆಯುವ ಸಾಧ್ಯತೆ ಜಾಸ್ತಿ. ಪೂರ್ತಿ ಬಿದ್ದುಹೋದ ಕಾಲಿಗೆ ಬಲ ಮರಳುವುದು ಕಷ್ಟ. ಅದಕ್ಕೇ ನನಗಿಷ್ಟು ಅವಸರ.

ಅಲ್ಲಿ "ಬೆನ್ನುನೋವು" ಅಂತಷ್ಟೇ ಹೇಳಿದರೆ ಸಾಲಲ್ಲಿ ಕೂರಿಸುತ್ತಾರೆ. "ಕ್ಯಾನ್ಸರ್ ಇದೆ, ಕಾಲು ಸೋಲುತ್ತಿದೆ" ಅಂತ ಒಂದೇ ಉಸಿರಲ್ಲಿ ಹೇಳಿ. ಬೇಕಾದದ್ದು ಇಡೀ ಬೆನ್ನುಮೂಳೆಯ ಎಂಆರ್‌ಐ, 24 ಗಂಟೆಯೊಳಗೆ. ನೋವಿರುವ ಜಾಗ ಮಾತ್ರ ನೋಡಿದರೆ ಸಾಲದು, ಎರಡು ಮೂರು ಕಡೆ ಒತ್ತಿರಬಹುದು. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ.

ಬೆನ್ನುಹುರಿಯ ಊತ ಇಳಿಸಲು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಡುತ್ತಾರೆ, ಸಾಮಾನ್ಯವಾಗಿ ದಿನಕ್ಕೆ 16 ಮಿಲಿಗ್ರಾಂ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ, ಸಕ್ಕರೆ ಏರುತ್ತದೆ. ಆಮೇಲೆ ಆಪರೇಷನ್ನೋ, ರೇಡಿಯೇಷನ್ನೋ, ಎರಡೂನೋ. ಮೂಳೆ ಕುಸಿದು ಬೆನ್ನು ಭದ್ರವಿಲ್ಲದಿದ್ದರೆ ರೇಡಿಯೇಷನ್ ಒಂದೇ ಸಾಲದು. 2005ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎರಡೂ ಆದವರಲ್ಲಿ 84% ಮಂದಿ ನಡೆದರು, ಬರೀ ರೇಡಿಯೇಷನ್ ಆದವರಲ್ಲಿ 57%. ಹಾಗಂತ ಎಲ್ಲರಿಗೂ ಆಪರೇಷನ್ ಹೊಂದುವುದಿಲ್ಲ. ಆದರೂ ಬೆನ್ನುಮೂಳೆಯ ಸರ್ಜನ್ನರ ಅಭಿಪ್ರಾಯ ಕೇಳಿಯೇ ಕೇಳಿ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡುವ ಹಾರ್ಮೋನ್ ಚಿಕಿತ್ಸೆ ಇನ್ನೂ ಶುರುವಾಗಿಲ್ಲದಿದ್ದರೆ ಅದನ್ನೂ ವಿಚಾರಿಸಿ.

ಅಮ್ಮನಿಗೆ ರೇಡಿಯೇಷನ್ ಮಾತ್ರ ಆಯಿತು. ವಾಕರ್ ಹಿಡಿದು ಬಚ್ಚಲಿಗೆ ತಾವೇ ಹೋಗಿಬರುವಷ್ಟಾದರು. ಹಳೆಯ ಸ್ಕ್ಯಾನ್, ಮಾತ್ರೆ ಚೀಟಿ ಇರುವ ಫೈಲು ಮರೀಬೇಡಿ.