ಮಗಳು ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ, ಮ್ಯಾಂಡರಿನ್ ಬಿಡೋಣವೇ?

ಪ್ರಶ್ನೆ: ನಾವು ಸಿಂಗಪುರದಲ್ಲಿ ನೆಲೆಸಿರುವ ಚೀನೀ ಮೂಲದ ಕುಟುಂಬ. ಗಂಡ ಹೆಂಡತಿ ಮಾತನಾಡುವುದು ಇಂಗ್ಲಿಷಿನಲ್ಲಿ. ಜೊತೆಗಿರುವ ಅತ್ತೆಗೆ ಗೊತ್ತಿರುವುದು ಮ್ಯಾಂಡರಿನ್ ಮಾತ್ರ. ನಾಲ್ಕು ವರ್ಷದ ಮಗಳಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆ, ಆದರೆ ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಎರಡು ಭಾಷೆಯಿಂದ ಗೊಂದಲವಾಗುತ್ತಿದೆಯೇ? ಇಂಗ್ಲಿಷ್ ಒಂದೇ ಸಾಲದೇ?

ಉತ್ತರ: ದಯವಿಟ್ಟು ಬಿಡಬೇಡಿ. ಗೊಂದಲದ ಭಯವಂತೂ ಬೇಡವೇ ಬೇಡ. ಇಂಥ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ ಗೊತ್ತಿರುವ ಪದಗಳು ತುಸು ಕಡಿಮೆ ಎನಿಸಬಹುದು. ಎರಡನ್ನೂ ಕೂಡಿಸಿ ನೋಡಿದರೆ ಓರಗೆಯ ಮಕ್ಕಳಿಗಿಂತ ಹಿಂದಿರುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುವುದೂ ಸಹಜವೇ.

ಎರಡು ಭಾಷೆ ಬಂದರೆ ಮಗು ಹೆಚ್ಚು ಜಾಣವಾಗುತ್ತದೆ ಎಂಬ ಪ್ರಚಾರಕ್ಕೂ ಮರುಳಾಗಬೇಡಿ. ಏಕಾಗ್ರತೆ ಹೆಚ್ಚುತ್ತದೆ ಎಂದು ಕೆಲವು ಅಧ್ಯಯನಗಳು ಹೇಳಿದ್ದು ನಿಜ. ನಂತರ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಆ ಲಾಭ ಬಹುಮಟ್ಟಿಗೆ ಕರಗಿತು. ಮ್ಯಾಂಡರಿನ್ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿರುವುದು ನಿಮ್ಮ ಅತ್ತೆಗಾಗಿ ಮತ್ತು ಮಗಳ ಕಿವಿಗಾಗಿ.

ಕಿವಿಯ ವಿಷಯ ನೋಡಿ. ಮ್ಯಾಂಡರಿನ್‌ನಲ್ಲಿ ಒಂದೇ ಅಕ್ಷರವನ್ನು ಸಮದನಿಯಲ್ಲಿ ಎಳೆದರೆ ಒಂದು ಅರ್ಥ, ದನಿ ಏರಿಸಿದರೆ ಇನ್ನೊಂದು, ತಗ್ಗಿಸಿ ಎತ್ತಿದರೆ ಮತ್ತೊಂದು, ಥಟ್ಟನೆ ಇಳಿಸಿದರೆ ಬೇರೆಯೇ. ದೊಡ್ಡವರಾದ ಮೇಲೆ ಕಲಿಯುವವರು ಎಡವುವುದು ಇಲ್ಲಿಯೇ. ನಿಮ್ಮ ಮಗಳು ಇದನ್ನು ಯಾವ ಪಾಠವೂ ಇಲ್ಲದೆ ದಕ್ಕಿಸಿಕೊಂಡಿದ್ದಾಳೆ.

ಅದು ದಕ್ಕಿದ್ದು ಅಜ್ಜಿಯಿಂದ. ಅಮೆರಿಕದ ಸಂಶೋಧಕಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಎದುರು ಮ್ಯಾಂಡರಿನ್ ಭಾಷಿಕರು 12 ಬಾರಿ ಕುಳಿತು ಪುಸ್ತಕ ಓದಿದರು, ಆಟಿಕೆ ಹಿಡಿದು ಮಾತನಾಡಿಸಿದರು. ಇಂಗ್ಲಿಷಿನಲ್ಲಿಲ್ಲದ ಧ್ವನಿಭೇದವನ್ನು ಆ ಕೂಸುಗಳು ಗುರುತಿಸಿದವು. ಅದೇ ಮಾತನ್ನು ಟಿವಿ ಪರದೆಯಲ್ಲಿ ಕಂಡ ಅಥವಾ ಬರೀ ಧ್ವನಿಮುದ್ರಣ ಕೇಳಿದ ಕೂಸುಗಳು ಕಲಿಯಲಿಲ್ಲ. ಕಾರ್ಟೂನ್ ಹಾಕಿಕೊಟ್ಟು ಕೈತೊಳೆದುಕೊಳ್ಳಬೇಡಿ ಎಂದು ತಂದೆತಾಯಿಗಳಿಗೆ ನಾನು ಹೇಳುವುದು ಇದಕ್ಕೇ.

ಶಾಲೆ ನೋಡಿಕೊಳ್ಳುತ್ತದೆ ಎಂದು ಸುಮ್ಮನಿರುವುದೂ ತಪ್ಪು. ನಿಮ್ಮಲ್ಲಿ ಮ್ಯಾಂಡರಿನ್ ಒಂದು ವಿಷಯ ಮಾತ್ರ. ಗಣಿತ, ವಿಜ್ಞಾನ ಎಲ್ಲವೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಆಡುವವರು 2010ರ ಜನಗಣತಿಯಲ್ಲಿ ಸುಮಾರು ಶೇ 32ರಷ್ಟಿದ್ದರು, 2020ರಲ್ಲಿ ಶೇ 48 ದಾಟಿದರು. ಇಂಗ್ಲಿಷಿಗೆ ನೀವು ಕಾವಲು ಕಾಯಬೇಕಾಗಿಲ್ಲ. ಮಾತು ಮನೆಯಿಂದ ಜಾರಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ದೇಶ ಒಮ್ಮೆ ಕಂಡಿದೆ. 1979ರಲ್ಲಿ ಮ್ಯಾಂಡರಿನ್ ಮಾತನಾಡಿ ಎಂಬ ಅಭಿಯಾನ ಶುರುವಾದ ಮೇಲೆ ಚೀನೀ ಮನೆಗಳ ಇತರ ಮಾತುಗಳಾದ ಹೊಕ್ಕಿಯೆನ್, ತಿಯೋಚೂ, ಕ್ಯಾಂಟನೀಸ್ ಹಿಂದೆ ಸರಿದವು. ಎಷ್ಟೋ ಮೊಮ್ಮಕ್ಕಳು ತಮ್ಮ ಅಜ್ಜಿಯೊಡನೆ ನಾಲ್ಕು ಮಾತು ಆಡಲಾಗದವರಾದರು. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಇನ್ನು ಮಾಡಬೇಕಾದದ್ದು. ಮಗಳು ಇಂಗ್ಲಿಷಿನಲ್ಲಿ ಉತ್ತರಿಸಿದಾಗ ಗದರಬೇಡಿ, ತಿದ್ದಬೇಡಿ. ಅವಳು ಹೇಳಿದ್ದರಲ್ಲಿ ಅರ್ಥವಾದದ್ದನ್ನು ಅತ್ತೆ ಮ್ಯಾಂಡರಿನ್‌ನಲ್ಲಿ ಪೂರ್ತಿ ವಾಕ್ಯವಾಗಿ ಹೇಳಿ, ಮುಂದೊಂದು ಪ್ರಶ್ನೆ ಕೇಳಲಿ. ಮಗಳ ಇಂಗ್ಲಿಷ್ ಅವರಿಗೆ ಅರ್ಥವಾಗದಿದ್ದರೆ ನೀವು ನಡುವೆ ಬಂದು ಅನುವಾದಿಸಬೇಡಿ. ಅರ್ಥ ಮಾಡಿಸುವ ಅಗತ್ಯ ಅವಳಿಗೇ ಬೀಳಲಿ. ಮ್ಯಾಂಡರಿನ್ ಆಡುವ ಓರಗೆಯ ಒಂದಿಬ್ಬರು ಮಕ್ಕಳು ಸಿಕ್ಕರಂತೂ ನಿಮ್ಮ ಅರ್ಧ ಕೆಲಸ ಮುಗಿದಂತೆ. ಲಿಪಿಗೆ ಈಗಲೇ ಆತುರ ಬೇಡ. ಸಾವಿರಾರು ಚಿಹ್ನೆಗಳ ಆ ಕಲಿಕೆ ಹೇಗೂ ಶಾಲೆಯುದ್ದಕ್ಕೂ ಇದ್ದೇ ಇರುತ್ತದೆ.