ಆಸ್ಮನ್ ಹುಟ್ಟಿದ್ದು ಯಾವೂರಲ್ಲಿ ಸಾರ್?

ಪ್ರಶ್ನೆ: ಸಾರ್, ಬಿಬಿಸಿಲಿ 'ಪಾಯಿಂಟ್‌ಲೆಸ್' ಕ್ವಿಜ್ ಮಾಡ್ತಿದ್ದ ರಿಚರ್ಡ್ ಆಸ್ಮನ್ ಈಗ ಪತ್ತೇದಾರಿ ಕಾದಂಬರಿ ಬರೀತಾರಲ್ಲ, ಅವ್ರು ಹುಟ್ಟಿದ್ದು ಸಸೆಕ್ಸ್‌ನಲ್ಲಿ ಅಂತ ನನ್ ಫ್ರೆಂಡ್ ಹಠ ಹಿಡಿದಿದಾನೆ, ಅವ್ರ ಅಣ್ಣ ರಾಕ್ ಬ್ಯಾಂಡಲ್ಲಿ ಇರೋದೂ ನಿಜಾನಾ?

ಉತ್ತರ: ನಿಮ್ ಫ್ರೆಂಡ್ ಹೇಳಿದ್ದು ಅರ್ಧ ಸರಿ ಕಣ್ರೀ. ಹುಟ್ಟಿದ್ದು ಎಸೆಕ್ಸ್‌ನ ಬಿಲರಿಕೀಲಿ, 1970ರ ನವೆಂಬರ್ 28ಕ್ಕೆ, ಬೆಳೆದಿದ್ದು ಮಾತ್ರ ಸಸೆಕ್ಸ್‌ನಲ್ಲಿ, ಎಸೆಕ್ಸ್ ಸಸೆಕ್ಸ್ ಅಂತ ಕೇಳಿದ್ರೆ ಯಾರಿಗಾದ್ರೂ ಕನ್‌ಫ್ಯೂಸ್ ಆಗತ್ತೆ ಬಿಡಿ. ಅಣ್ಣ ಮ್ಯಾಟ್ ಆಸ್ಮನ್ 'ಸ್ವೇಡ್' ಬ್ಯಾಂಡಲ್ಲಿ ಬೇಸ್ ಗಿಟಾರ್ ನುಡಿಸೋರು. ಮಜಾ ಏನ್ ಗೊತ್ತಾ, ಅಣ್ಣ ತಮ್ಮ ಇಬ್ಬರ ಮೊದಲ ಕಾದಂಬರೀನೂ 2020ರಲ್ಲೇ ಬಂತು! ರಿಚರ್ಡ್‌ದು 'ದಿ ಥರ್ಸ್‌ಡೇ ಮರ್ಡರ್ ಕ್ಲಬ್', ಅದು ಸಿಕ್ಕಾಪಟ್ಟೆ ಓಡ್ತು, ಬರೆಯೋಕೆ ಟೈಮ್ ಬೇಕು ಅಂತ 2022ರಲ್ಲಿ ಪಾಯಿಂಟ್‌ಲೆಸ್ಸೇ ಬಿಟ್ರು.